ತಗ್ಗಿನಹಾಳಕ್ಕ ಇಂಟರ್ನೆಟ್ ತಂದ ಅಡಿವೆಪ್ಪ

ಹಂಗ ಒಂಚೂರು ಸರಿದು ಕುಂದರ್ರೆಪಾ, ಹಿಂದಿನವ್ರಿಗೂ ಕೇಳಲಿ. ಸುಳ್ಳೋ ಖರೇನೋ ಅಂತ ಆಮ್ಯಾಲ ಜಗಳಾಡೂಣು, ಮೊದಲ ಕತಿ ಕೇಳ್ರಿ. ನಡುವ ಎದ್ದು ಹೋದವ್ರಿಗೆ ಮುಂದಿಂದು ನಾ ಹೇಳಂಗಿಲ್ಲ, ಈಗ ಹೇಳೀನಿ ನೋಡ್ರಿ.

ತಗ್ಗಿನಹಾಳ ಅಂತ ಒಂದೂರು. ಹೆಸರಿಗೆ ತಕ್ಕಂಗ ಊರು ತಗ್ಗಿನಾಗ, ಊರಿಗೂ ಟವರಿಗೂ ನಡುವ ಅಡ್ಡಗುಡ್ಡ. ಫೋನ್ ಹತ್ತಬೇಕಂದ್ರ ಮಾಳಿಗಿ ಏರಬೇಕು, ಏರಿ ‘ಹಲೋ ಹಲೋ’ ಅಂತ ಒದರಬೇಕು. ಹಂಗ ಒದರಿದ್ರ ಫೋನ್ ಇಲ್ಲದನ ಆಚಿ ಊರಿಗೆ ಕೇಳತಿತ್ತು.

ಆ ಊರಾಗ ಫಕೀರವ್ವ ಅಂತ ಒಬ್ಬಾಕಿ ಇದ್ಲು. ಪ್ಯಾಟಿ ಖಾನಾವಳಿಗೆ ಜ್ವಾಳದ ರೊಟ್ಟಿ ಬಡದು ಕೊಟ್ಟು ಸಂಸಾರ ನಡಸಾಕಿ. ಗಂಡ ಲಾರಿ ಹೊಡೀತಿದ್ದ. ಬಂದ್ರ ಬಂದ, ಇಲ್ಲಂದ್ರ ಇಲ್ಲ. ಮಗಳು ಕಸ್ತೂರಿ, ಭಾಳ ಶಾಣ್ಯಾ ಹುಡುಗಿ. ಮಗ ಅಡಿವೆಪ್ಪ. ಅಂವನ ಬಗ್ಗೆ ಏನ್ ಹೇಳ್ಲಿ? ಮೈಗಳ್ಳ ಅಲ್ಲ, ಕುಡುಕ ಅಲ್ಲ, ತಾಯಿಗೆ ಎದುರು ಮಾತಾಡಂವ ಅಲ್ಲ. ಹೇಳಿದ್ದನ್ನ ಮಾಡಂವ. ಹೇಳಿದಷ್ಟ ಮಾಡಂವ. ‘ಹಾಲಿನ ಮ್ಯಾಲ ಕಣ್ಣಿಡಪಾ’ ಅಂದ್ರ, ಹಾಲು ಉಕ್ಕಿ ಒಲಿಯೊಳಗ ಹೋಗೂತನಕ ಕಣ್ಣು ಮಿಟಕಸದ ನೋಡಿದ ಮಹಾರಾಯ. ಫಕೀರವ್ವ ತಲಿಮ್ಯಾಲ ಕೈ ಹೊತ್ತು ಕುಂತು, ‘ಇಬ್ಬರಿಗೆ ಹಂಚೂ ಬುದ್ಧಿ ಒಬ್ಬಾಕಿಗೇ ಹಾಕಿಬಿಟ್ಟೆಲ್ಲೋ ಶಿವನ’ ಅಂತಿದ್ಲು.

ಹಿಂಗಿರಬೇಕಾದ್ರ ಕಸ್ತೂರಿಗೆ ಒಂದು ಕೆಲಸ ಗೊತ್ತಾತು. ಮನ್ಯಾಗ ಕುಂತು ಕಂಪ್ಯೂಟರನ್ಯಾಗ ದೂರದೂರಿನ ಸಣ್ಣ ಹುಡುಗರಿಗೆ ಲೆಕ್ಕ ಕಲಿಸೂದು. ಆದ್ರ ಒಂದು ಕರಾರು. ಸೋಮವಾರ ಮುಂಜಾನೆ ಒಂದು ಪಾಠ ಮಾಡಿ ತೋರಸಬೇಕು, ಅದೂ ತನ್ನ ಮನಿ ಇಂಟರ್ನೆಟ್ ಮ್ಯಾಲ. ಇಂಟರ್ನೆಟ್ ನಿಂತ್ರ ಕೆಲಸ ಇಲ್ಲ. ಕೆಲಸ ಇಲ್ಲಂದ್ರ ಪುಣೆಕ್ಕ ಹೋಗಬೇಕು, ಅಲ್ಲೆ ಚಿಕ್ಕವ್ವ ‘ಬಟ್ಟಿ ಹೊಲಿಯೂ ಕಾರಖಾನಿಗೆ ಹಚ್ಚತೀನಿ, ಕಳಸು’ ಅಂತ ದಿನಾ ಗಂಟು ಬಿದ್ದಿದ್ಲು.

ಮಗಳು ಹೋದ್ಲಂದ್ರ ಮನ್ಯಾಗ ಉಳಿಯೂದು ಯಾರು? ತಾನು, ಮತ್ತ ಅಡಿವೆಪ್ಪ. ಅದನ್ನ ನೆನಸಿದ ಕೂಡಲೆ ಫಕೀರವ್ವ ರೊಟ್ಟಿ ಬಡಿಯೂದ ಮರೀತಿದ್ಲು. ಮಗಳಂದ್ರ ಆಕಿಗೆ ಜೀವ. ಸಂಜಿಗೆ ಒಲಿ ಮುಂದ ಕುಂತು ಮಾತಾಡಾಕ ಆಕಿಗೆ ಇದ್ದಾಕಿ ಆಕಿ ಒಬ್ಬಾಕಿನ.

ವಾಯರು ಎಳಿಯೋರನ್ನ ಕೇಳಿದ್ರು. ‘ನಿಮ್ಮೊಂದು ಮನಿ ಸಲುವಾಗಿ ಗುಡ್ಡ ದಾಟಿ ಕಂಬಾ ನಡಾಕ ಬರಂಗಿಲ್ಲ’ ಅಂದ್ರು. ಮಾಳಿಗಿ ಮ್ಯಾಲ ದೊಡ್ಡ ತಾಟು ಕುಂದ್ರಸಿ ಆಕಾಶದಿಂದ ತರೂದೂ ಐತಂತ, ಅದಕ್ಕ ಎಮ್ಮಿ ಮಾರಬೇಕು. ಕಡಿಮಿಗೆ ಸಿಗೂದಂದ್ರ ಒಂದ: ಪ್ಯಾಟ್ಯಾಗ ದಾದಾಪೀರನ ಮೊಬೈಲ್ ಅಂಗಡ್ಯಾಗ ಸಿಮ್ ಹಾಕೋ ಸಣ್ಣ ಡಬ್ಬಿ ಬರತೈತಿ, ವಾಯರಿಲ್ಲದ ಮನಿತುಂಬ ಇಂಟರ್ನೆಟ್ ಕೊಡತೈತಿ. ಫಕೀರವ್ವನ ಕೈ ಹಿಟ್ಟಿನಾಗ, ಕಸ್ತೂರಿ ತಲಿ ಪಾಠದಾಗ. ಹೋಗಂವ ಯಾರು? ಉಳದಂವ ಒಬ್ಬನ.

“ಅಡಿವೆಪ್ಪಾ, ಪ್ಯಾಟಿ ಮಂದಿ ನಮ್ಮನ್ನ ನೋಡಿದ ಕೂಡಲೆ ಎರಡು ಪಟ್ಟು ಹೇಳ್ತಾರ. ಅವರು ಏನ್ ಹೇಳಿದ್ರೂ ನೀ ಅರ್ಧಾ ಅನ್ನು. ತಿಳೀತಿಲ್ಲೋ?”

“ಆತಬೇ ಯವ್ವಾ, ನೀ ಹೇಳಿದಂಗ ಮಾಡ್ತೀನಿ.”

ಹೋದ. ದಾದಾಪೀರ ಡಬ್ಬಿ ತೋರಿಸಿದ. “ತಿಂಗಳಿಗೆ ಆರನೂರು ರೂಪಾಯಿ, ತಮ್ಮಾ.”

“ಅರ್ಧಾ.”

“ಅಷ್ಟಕ್ಕ ಪೂರಾ ವೇಗ ಬರಂಗಿಲ್ಲಲ್ಲೋ.”

“ಅರ್ಧಾ ವೇಗ.”

“ಒಂದ ವರ್ಷ ಗ್ಯಾರಂಟಿ ಐತಿ.”

“ಅರ್ಧಾ ವರ್ಷ.”

ದಾದಾಪೀರ ಹಿಂಥಾ ಗಿರಾಕಿನ್ನ ಹುಟ್ಟಿದಾಗಿಂದ ನೋಡಿರಲಿಲ್ಲ. “ಚಹಾ ಕುಡೀತಿ?” ಅಂದ. “ಅರ್ಧಾ” ಅಂದ ಅಡಿವೆಪ್ಪ. “ಇದು ಡಬ್ಬಿ, ಇದು ಚಾರ್ಜ್ ಮಾಡೋ ವಾಯರು. ಎರಡೂ ತಗೊ” ಅಂದ. “ಅರ್ಧಾ” ಅಂದು ಡಬ್ಬಿ ಅಷ್ಟ ತಗೊಂಡು ಎದ್ದ. ಬಸ್ಸಿನ್ಯಾಗ ಕಂಡಕ್ಟರ ತಗ್ಗಿನಹಾಳದ ಟಿಕೀಟಿನ ರೊಕ್ಕಾ ಹೇಳಿದ. ಅಲ್ಲೂ ಅರ್ಧಾ ಅಂದ. ಕಂಡಕ್ಟರ ಏನ್ ಕಮ್ಮಿ ಇದ್ದನೇನು? ಅರ್ಧಾ ಹಾದ್ಯಾಗ ಇಳಿಸಿ ಹೋದ.

ಬೆವರು ಸುರಿಸ್ಕೋತ ಮನಿಗೆ ಬಂದು ಎದಿ ಉಬ್ಬಿಸಿ ನಿಂತ. ಕಸ್ತೂರಿ ಡಬ್ಬಿ ಹಿಂದಾ ಮುಂದಾ ತಿರುವಿ ನೋಡಿದ್ಲು. “ವಾಯರ ಇಲ್ಲದ ಇದನ್ನ ಹೆಂಗ ಚಾರ್ಜ್ ಮಾಡೂದಣ್ಣಾ? ಈ ವೇಗಕ್ಕ ಪಾಠ ಅಲ್ಲ, ಪಾಠದ ಹೆಸರೂ ಹೋಗಂಗಿಲ್ಲ.”

ಫಕೀರವ್ವ ಹಣಿ ಹಣಿ ಬಡಕೊಂಡ್ಲು. “ಏ ಖೋಡಿ, ಬೆಲಿ ಅಷ್ಟ ಅರ್ಧಾ ಮಾಡಸಬೇಕಿತ್ತು, ವಸ್ತು ಪೂರಾ ತರಬೇಕಿತ್ತು. ನಾಳೆ ಹೋಗಿ ಪೂರಾ ವೇಗದ್ದು ಮಾಡಿಸಿಕೊಂಡು ಬಾ. ಅಂಗಡ್ಯಾಗ ಅವರು ಕೈಗೆ ಏನೇನು ಕೊಡ್ತಾರ, ಒಂದೂ ಬಿಡಬಾರದು. ಎಲ್ಲಾ ತಗೊಂಡು ಬಾ.”

“ಆತಬೇ ಯವ್ವಾ, ನೀ ಹೇಳಿದಂಗ ಮಾಡ್ತೀನಿ.”

ಮರುದಿನ ದಾದಾಪೀರ ಕಡಿಮಿ ರೊಕ್ಕದಾಗ ಪೂರಾ ವೇಗ ಮಾಡಿಕೊಟ್ಟ, ವಾಯರ ಕೊಟ್ಟ. ಕುಂದ್ರಾಕ ಸ್ಟೂಲ್ ಕೊಟ್ಟ, ಸಹಿ ಮಾಡಾಕ ಪೆನ್ನು ಕೊಟ್ಟ, ಗ್ಲಾಸಿನ್ಯಾಗ ಚಹಾ ಕೊಟ್ಟ. ‘ಭಾಳ ಸೆಕಿ’ ಅಂತ ಬೀಸಣಿಕಿನೂ ಕೊಟ್ಟ. ಒಳ್ಳೇ ಮನಷಾ ಪಾಪ. ಒಳಗ ಹೋಗಿ ಹೊರಗ ಬರೂದ್ರಾಗ ಗಿರಾಕಿನೂ ಇಲ್ಲ, ಸ್ಟೂಲೂ ಇಲ್ಲ.

ಅಡಿವೆಪ್ಪ ತಲಿಮ್ಯಾಲ ಸ್ಟೂಲ್, ಕಿವ್ಯಾಗ ಪೆನ್ನು, ಒಂದ ಕೈಯಾಗ ಗ್ಲಾಸು, ಒಂದ ಕೈಯಾಗ ಬೀಸಣಿಕಿ ಹಿಡಕೊಂಡು ಓಣ್ಯಾಗ ಬಂದ. ಓಣಿ ಹೆಣ್ಣಮಕ್ಕಳು ಮೂಗಿನ ಮ್ಯಾಲ ಬಟ್ಟು ಇಟ್ಕೊಂಡ್ರು.

“ಒಂದೂ ಬಿಟ್ಟಿಲ್ಲಬೇ.”

ಫಕೀರವ್ವಗ ನಾಚಿಕಿಗೆ ಭೂಮಿ ಬಾಯಿ ಬಿಟ್ರ ಸಾಕನಸ್ತು. “ಮಂದಿ ವಸ್ತು ಹೊತ್ಕೊಂಡು ಬರ್ತಾರೇನೋ ಹುಚ್ಚಪ್ಯಾಲಿ? ಯಾವುದು ಎಲ್ಲಿರಬೇಕೋ ಅಲ್ಲೇ ಬಿಟ್ಟು ಬರಬೇಕು. ಅದರ ಜಾಗಾ ಬಿಡಸಬಾರದು. ಹೋಗು, ಕೊಟ್ಟು ಕೈ ಮುಗದು ಬಾ.”

ಕೊಟ್ಟು ಬಂದ, ಕೈ ಮುಗದು ಬಂದ. ಬರೂಮುಂದ ದಾದಾಪೀರ ನಕ್ಕೋತ ಒಂದು ಮಾತು ಹೇಳಿ ಕಳಿಸಿದ್ದ. “ನಿಮ್ಮೂರು ತಗ್ಗಿನಾಗೈತಿ ತಮ್ಮಾ. ಡಬ್ಬಿ ಹಿಡಕೊಂಡು ಅಡ್ಡಾಡು, ಎತ್ತರಕ್ಕ ಏರಿ ನೋಡು. ಹಸರ ದೀಪ ಎಲ್ಲೆ ಹತ್ತತೈತೋ ಅದ ಅದರ ಜಾಗಾ.”

ಶನಿವಾರ ಅಡಿವೆಪ್ಪ ಡಬ್ಬಿ ಹಿಡಕೊಂಡು ತಿರಗಿದ್ದೇ ತಿರಗಿದ್ದು. ಅಡಗಿಮನ್ಯಾಗ ಕೆಂಪು, ಕಟ್ಟಿಮ್ಯಾಲ ಕೆಂಪು, ಗ್ವಾದಲ್ಯಾಗ ಎಮ್ಮಿ ಮೂಗಿನ ಮುಂದ ಹಿಡದ್ರೂ ಕೆಂಪು. ಮನಿ ಮುಂದ ಒಂದು ಟ್ರ್ಯಾಕ್ಟರ ನಿಂತಿತ್ತು, ಮಾಳಿಗಿಗಿಂತ ಎತ್ತರ ಮೇವು ಹೇರಿದ್ದು. ಅದರ ತುದಿಗೆ ಏರಿದ. ಹಸರ ದೀಪ ಹತ್ತಿತು.

ಒಳಗಿಂದ ಕಸ್ತೂರಿ ಕೂಗಿದ್ಲು, “ಅವ್ವಾ, ಬಂತು ಬಂತು. ಕನ್ನಡಿಯಂಗ ಬಂತು.”

ಅದ ಅದರ ಜಾಗಾ. ಜಾಗಾ ಬಿಡಸಬಾರದು. ಅಡಿವೆಪ್ಪ ಡಬ್ಬಿ ಅಲ್ಲೇ ಮೇವಿನಾಗ ಒತ್ತಿ ಇಟ್ಟು, ಇಳದು ಬಂದು ಕೈ ತೊಳಕೊಂಡು ಊಟಕ್ಕ ಕುಂತ. ಫಕೀರವ್ವ ಸಂತೋಷಕ್ಕ ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಹಾಕಿದ್ಲು. ಬೆಣ್ಣಿ ಇನ್ನ ಕರಗಿರಲಿಲ್ಲ, ಹೊರಗ ಟ್ರ್ಯಾಕ್ಟರ ಗುಡುಗುಡು ಅಂತು.

“ಅವ್ವಾ, ಹೋತು” ಅಂದ್ಲು ಕಸ್ತೂರಿ. “ಅರೆ, ಹೋತು ಹೋತು ಹೋತು.”

“ಎಲ್ಲಿಟ್ಟೀಯೋ ಡಬ್ಬಿ?”

“ಅದರ ಜಾಗಾದಾಗ.”

“ಅದರ ಜಾಗಾ ಎಲ್ಲೈತೋ?”

“ಈಗ ಊರ ಅಗಸಿ ಬಾಗಲಾ ದಾಟಿರಬೇಕಬೇ.”

ಹಿಟ್ಟಿನ ಕೈಲೇ ಫಕೀರವ್ವ ಓಡಿದ್ಲು ನೋಡ್ರಿ. ಮುಂದ ಮೇವಿನ ಟ್ರ್ಯಾಕ್ಟರ, ಹಿಂದ ಫಕೀರವ್ವ, ಆಕಿ ಹಿಂದ ಊರ ನಾಯಿಗಳು. ಹಳ್ಳದ ದಂಡ್ಯಾಗ ಟ್ರ್ಯಾಕ್ಟರ ನಿಲ್ಲಿಸಿ, ಡ್ರೈವರನ ಕಡಿಂದ ಅರ್ಧ ಹೇರು ಇಳಿಸಿ, ಡಬ್ಬಿ ತಗೊಂಡು ಬಂದ್ಲು. ಬಂದಾಕಿಗೆ ಉಸರ ನಿಲ್ಲವಲ್ದು.

“ಎಲೋ ಮೂಳಾ, ಓಡೋ ವಸ್ತುದ ಮ್ಯಾಲ ಮನಿ ಬದುಕು ಇಡ್ತಾರೇನೋ? ಮಾಳಿಗಿ ಮ್ಯಾಲ ಹಳೇ ಟೀವಿ ಕಂಬ ಐತಿ. ಅದರ ತುದಿಗೆ ಅಲುಗದಂಗ ಕಟ್ಟು. ಕಟ್ಟಿ ಕಾವಲ ಕುಂದ್ರು. ಯಾರಿಗೂ ಮುಟ್ಟಾಕ ಕೊಡಬ್ಯಾಡ.”

“ಆತಬೇ ಯವ್ವಾ, ನೀ ಹೇಳಿದಂಗ ಮಾಡ್ತೀನಿ.”

ಕಟ್ಟಿದ. ಕಂಬದ ತುದ್ಯಾಗೂ ಹಸರ ದೀಪ ಹತ್ತಿತು, ದೇವರು ದೊಡ್ಡಂವ. ಬಡಿಗಿ ಹಿಡಕೊಂಡು ಕಾವಲ ಕುಂತ. ರವಿವಾರ ಮಧ್ಯಾಹ್ನಕ್ಕ ಡಬ್ಬಿ ಚಾರ್ಜ್ ಇಳೀತು. ಕಸ್ತೂರಿ ವಾಯರ ಹಿಡಕೊಂಡು ನಿಚ್ಚಣಿಕಿ ಏರಿದ್ಲು. ಅಡಿವೆಪ್ಪ ಬಡಿಗಿ ಎತ್ತಿದ.

“ಅಣ್ಣಾ, ನಾನೋ.”

“ಯಾರಿಗೂ ಅಂದ್ರ ನಿನಗೂ ಬಂತು.”

ಫಕೀರವ್ವ ಬಂದ್ಲು. “ಏ, ನಿಮ್ಮವ್ವೋ ನಾನು.”

“ಯಾರಿಗೂ ಅಂದ್ರ ನೀನೂ ಬಂದಿಬೇ” ಅಂದಂವನ ನಿಚ್ಚಣಿಕಿನ್ನ ಮ್ಯಾಲ ಜಗ್ಗಿಕೊಂಡ.

“ಹೋಗ್ಲಿ, ನೀನ ಬಿಚ್ಚಿ ಕೆಳಗ ಕೊಡೋ.”

ಅಡಿವೆಪ್ಪ ಒಂದು ಗಳಿಗಿ ವಿಚಾರ ಮಾಡಿದ. “ಯಾರಿಗೂ ಅಂದ್ರ ನನಗೂ ಬಂತಲ್ಲಬೇ” ಅಂದ, ಅಂದು ತನ್ನ ಕೈ ತಾನ ಬೆನ್ನ ಹಿಂದ ಕಟ್ಟಿಕೊಂಡ.

ಏನ್ ಮಾಡಬೇಕು ಹೇಳ್ರಿ ಹಿಂಥಾವನಿಗೆ? ಹೊಡಿಯಾಕ ಅಂವ ಮಾಳಿಗಿ ಮ್ಯಾಲ, ಆಕಿ ಕೆಳಗ. ಸಂಜಿತನಕ ಬೈದ್ಲು, ಬೇಡಿಕೊಂಡ್ಲು. ಕೊನಿಗೆ ದನಿ ಇಳಿಸಿ ಹೇಳಿದ್ಲು. “ನನ್ನಪ್ಪಾ, ಯಾರಿಗೂ ಕೊಡಬ್ಯಾಡ ಅಂದಾಕಿನೂ ನಾನ, ಈಗ ಬ್ಯಾರೆ ಹೇಳಾಕಿನೂ ನಾನ. ಮನಿ ಅಂದಮ್ಯಾಲ ಮಜ್ಜಿಗಿ ಕೇಳಿ ಬರ್ತಾರ, ಉಪ್ಪು ಕೇಳಿ ಬರ್ತಾರ. ಕೇಳಿ ಬಂದವ್ರಿಗೆ ಇಲ್ಲ ಅನಬಾರದು. ಕೊಟ್ರ ನಮಗೇನು ಕಡಿಮಿ ಆಗೂದಿಲ್ಲ.”

“ಆತಬೇ ಯವ್ವಾ, ನೀ ಹೇಳಿದಂಗ ಮಾಡ್ತೀನಿ” ಅಂದು ನಿಚ್ಚಣಿಕಿ ಬಿಟ್ಟ. ಡಬ್ಬಿ ಚಾರ್ಜ್ ಆಗಿ ಮತ್ತ ಕಂಬಕ್ಕ ಏರಿತು. ಎಲ್ಲಾರೂ ಸುಖಾ ಮಲಗಿದ್ರು.

ಸೋಮವಾರ ಬಂತು. ಫಕೀರವ್ವ ಬ್ಯಾಗ ಎದ್ದು ಖಾನಾವಳಿದು ಎರಡು ಬುಟ್ಟಿ ರೊಟ್ಟಿ ಬಡದು ಇಟ್ಲು. ಕಸ್ತೂರಿ ಚಲೋ ಸೀರಿ ಉಟ್ಟು ಪಡಸಾಲ್ಯಾಗ ಕಾಲೇಜಿನ್ಯಾಗ ಕೊಟ್ಟ ಲ್ಯಾಪ್‌ಟಾಪ್ ಕಂಪ್ಯೂಟರ ಮುಂದ ಕುಂತ್ಲು. ಪರದಿ ಮ್ಯಾಲ ವಿಶಾಲಾಕ್ಷಿ ಮೇಡಂ ಬಂದ್ರು, ಕೆಲಸ ಕೊಡೂದು ಬಿಡೂದು ಅವರ ಕೈಯಾಗ. ಅವರ ಬಾಜೂಕ ಒಂದು ಸಣ್ಣ ಹುಡುಗಿ, ಪಾಠ ಹೇಳಿಸಿಕೊಳ್ಳಾಕ. ಕಸ್ತೂರಿ ಮಗ್ಗಿ ಸುರು ಮಾಡಿದ್ಲು. ಮುತ್ತಿನಂಗ ಮಾತು. ಫಕೀರವ್ವ ಪಡಸಾಲಿ ಕಂಬದ ಮರಿಗೆ ನಿಂತು ಕೇಳಾಕತ್ತಿದ್ಲು.

ಮೇಡಂ ಬಾಯಿ ತೆರದ್ರು, ತೆರದಂಗ ನಿಂತ್ರು. ಚಿತ್ರ ಕಲ್ಲಾತು.

ಮತ್ತ ಬಂತು. ಮತ್ತ ನಿಂತಿತು. “ಕಸ್ತೂರಿ, ಹೀಗೆ ನಿಲ್ತಾ ಇದ್ರೆ ಕಷ್ಟ ಆಗುತ್ತೆ” ಅಂದ್ರು ಮೇಡಂ. ಕಸ್ತೂರಿ ಮುಖ ಸಣ್ಣದಾತು. ಫಕೀರವ್ವನ ಕಣ್ಣ ಮುಂದ ಪುಣೆದ ಬಸ್ಸು ಬಂದು ನಿಂತಂಗಾತು.

ಹೊರಗ ಹಣಿಕಿ ನೋಡ್ತಾಳ, ಅರ್ಧ ಊರು ಅಲ್ಲೈತಿ. ಕಟ್ಟಿಮ್ಯಾಲ ಗಂಡಸರು, ಅಂಗಳದಾಗ ಹೆಣ್ಣಮಕ್ಕಳು, ಗ್ವಾದಲಿ ಹಂತ್ಯಾಕ ಮುದುಕರು. ಎಲ್ಲಾರ ಕೈಯಾಗ ಫೋನ್. ಒಬ್ಬ ಕ್ರಿಕೆಟ್ ನೋಡಾಕತ್ತಾನ, ಒಬ್ಬಾಕಿ ಧಾರಾವಾಹಿ, ಒಬ್ಬ ಮುದುಕ ಕುಸ್ತಿ. ನಡುವ ಅಡಿವೆಪ್ಪ, ಡಬ್ಬಿ ಬೆನ್ನಿನ ಮ್ಯಾಲಿನ ಪಾಸ್ವರ್ಡ್ ಬಾಯಿಪಾಠ ಮಾಡಿ ಬಂದಬಂದವ್ರಿಗೆ ಒಪ್ಪಿಸಾಕತ್ತಾನ.

“ಏನೋ ಇದು?”

“ಕೇಳಿ ಬಂದ್ರಬೇ. ಇಲ್ಲ ಅನಬಾರದು, ಕೊಟ್ರ ಕಡಿಮಿ ಆಗೂದಿಲ್ಲ.”

ಒದರಿದ್ರ ಒಳಗ ಮೇಡಂಗ ಕೇಳತೈತಿ. ಫಕೀರವ್ವ ಹಲ್ಲು ಕಡದು ಪಿಸುಗುಟ್ಟಿದ್ಲು. “ಅವರ ಕೈಯಾಗಿನ ಫೋನ್ ಇಳಿಬೇಕು ನೋಡು, ಅದೂ ಈಗಿಂದೀಗ. ಕೈಗೆ ಬ್ಯಾರೆ ಏನರ ಕೊಡು, ಹೋಗು.”

ಅಡಿವೆಪ್ಪ ಸುತ್ತ ನೋಡಿದ. ಖಾನಾವಳಿ ರೊಟ್ಟಿ ಬುಟ್ಟಿ ಕಂಡವು. ಎರಡೂ ಹೊತ್ತು ತಂದ. ಜೊತಿಗೆ ಬದನಿಕಾಯಿ ಪಲ್ಯೆ ತಂದ, ಶೇಂಗಾ ಚಟ್ನಿ ತಂದ. ಕೈ ಕೈಗೆ ರೊಟ್ಟಿ ಇಟ್ಟು, ಅದರ ಮ್ಯಾಲ ಪಲ್ಯೆ ಹಾಕೋತ ಹೊಂಟ. ರೊಟ್ಟಿ ಒಂದ ಕೈಯಾಗ, ಮುರಿಯಾಕ ಇನ್ನೊಂದ ಕೈ. ಫೋನ್ ಹಿಡಿಯಾಕ ಮೂರನೇ ಕೈ ದೇವರು ಯಾರಿಗೂ ಕೊಟ್ಟಿಲ್ಲ. ಒಬ್ಬೊಬ್ಬರಾಗಿ ಫೋನ್ ಬಂದ ಮಾಡಿ ಕಿಸೆದಾಗ ಇಳಿಬಿಟ್ರು.

ಒಳಗ ಚಿತ್ರ ಕನ್ನಡಿಯಂಗಾತು. ಕಸ್ತೂರಿ ದನಿ ಮತ್ತ ಏರಿತು. ಆ ಸಣ್ಣ ಹುಡುಗಿ ಪಟಪಟ ಉತ್ತರ ಹೇಳಾಕ ಹತ್ತಿತು. ಖಾನಾವಳಿಯವ ಮಧ್ಯಾಹ್ನಕ್ಕ ಬಾಯಿಗೆ ಬಂದಂಗ ಬೈತಾನ ಅಂತ ಫಕೀರವ್ವಗ ಗೊತ್ತಿತ್ತು. ಬೈಯಲಿ ಬಿಡು ಅಂದ್ಲು. ಮಗನ ತಲಿ ಸವರಬೇಕನಸ್ತು ಆಕಿಗೆ, ಖರೇನ ಅನಸ್ತು.

ಅಷ್ಟೊತ್ತಿಗೆ ಬಾಜೂಮನಿ ಮಗಳು ನೀಲವ್ವ ಬಂದ್ಲು. ತವರಿಗೆ ಬಂದಾಕಿ ಗಂಡನ ಊರಿಗೆ ಹೊಂಟಿದ್ಲು, ಬಾಗಲದಾಗ ನಿಂತು “ಹೋಗಿ ಬರ್ತೀನಣ್ಣಾ” ಅಂದ್ಲು. ಅಡಿವೆಪ್ಪ “ಹೋಗು” ಅಂದು ಪಲ್ಯೆ ಹಂಚೋತ ಮುಂದ ಹೋದ.

ಫಕೀರವ್ವ ಅವನ ರಟ್ಟಿ ಹಿಡದು ಮೂಲಿಗೆ ಎಳಕೊಂಡು ಹೋದ್ಲು. “ಮನಿಗೆ ಬಂದ ಹೆಣ್ಣಮಗಳು ಹೋಗ್ತೀನಿ ಅಂದ್ರ ಹಂಗ ಬರೇ ಉಡಿಲೆ ಕಳಸ್ತಾರೇನೋ? ಹಣಿಗೆ ಕುಂಕುಮ ಹಚ್ಚಬೇಕು, ಉಡ್ಯಾಗ ಅಕ್ಕಿ ಹಾಕಬೇಕು, ಕಾಯಿ ಇಡಬೇಕು. ಹೆಣ್ಣಮಗಳ ಮನಸು ತಂಪಾದ್ರ ಮನಿ ತಂಪು” ಅಂದಾಕಿನ ತಾನ ನೀಲವ್ವನ್ನ ಕರದು, ಕುಂಕುಮ ಹಚ್ಚಿ ಉಡಿ ತುಂಬಿ ಕಳಿಸಾಕ ಅಂಗಳಕ್ಕ ಹೋದ್ಲು. ಅಡಿವೆಪ್ಪ ಎಲ್ಲಾ ನೋಡಿದ. ತಿಳಕೊಂಡ.

ಒಳಗ ಪಾಠ ಮುಗೀತು. ವಿಶಾಲಾಕ್ಷಿ ಮೇಡಂ ಕನ್ನಡಕ ತೆಗದ್ರು. “ಚೆನ್ನಾಗಿ ಕಲಿಸ್ತೀಯ, ಕಸ್ತೂರಿ. ಆದ್ರೆ ಮೊದಲು ಎರಡು ಸಲ ನಿಂತಿತಲ್ಲ, ಅದನ್ನ ಸ್ವಲ್ಪ ಯೋಚನೆ ಮಾಡ್ಬೇಕು. ಸಂಜೆ ತಿಳಿಸ್ತೀನಿ. ನಾನಿನ್ನು ಬರ್ಲಾ?”

“ನಿಂದರ್ರಿ ಯಕ್ಕಾ” ಅಂತ ಒಂದು ದನಿ ಬಂತು.

ಅಡಿವೆಪ್ಪ ಕುಂಕುಮದ ಭರಣಿ, ಅಕ್ಕಿ ಪರಾತ, ತೆಂಗಿನಕಾಯಿ ಹಿಡಕೊಂಡು ಬಂದ. ಕಸ್ತೂರಿ ‘ಅಣ್ಣಾ ಬ್ಯಾಡೋ’ ಅನ್ನೂದ್ರಾಗ ಬಟ್ಟು ಅದ್ದಿ, ಪರದಿ ಮ್ಯಾಲ ಮೇಡಂ ಹಣಿ ಎಲ್ಲಿತ್ತೋ ಅಲ್ಲಿಗೆ ಸರಿಯಾಗಿ ಕುಂಕುಮ ಹಚ್ಚಿದ. ಆಮ್ಯಾಲ ಬೊಗಸಿ ತುಂಬ ಅಕ್ಕಿ ತಗದು ಕೀಲಿಮಣಿ ಮ್ಯಾಲ ಸುರವಿದ.

“ಕಸ್ತೂರಿ, ಏನಾಗ್ತಿದೆ ಅಲ್ಲಿ? ಬರೀ ಕೈ ಕಾಣ್ತಿದೆ.”

ಕಸ್ತೂರಿ ಕಣ್ಣಾಗ ನೀರು ಬಂದಿದ್ವು. “ನಮ್ಮಣ್ಣ ರೀ, ಮೇಡಂ. ನೀವು ಹೋಗ್ತೀನಿ ಅಂದ್ರೆಲ್ಲ, ನಿಮಗ ಉಡಿ ತುಂಬಾಕತ್ತಾನ್ರಿ.”

ಆ ಕಡೆ ಸಪ್ಪಳ ಇಲ್ಲ. ಚಿತ್ರ ಮತ್ತ ನಿಂತಿತೇನೋ ಅಂತ ಫಕೀರವ್ವ ಬಾಗಲದಾಗಿಂದ ಹಣಿಕಿ ನೋಡಿದ್ಲು. ಚಿತ್ರ ನಿಂತಿರಲಿಲ್ಲ. ಮೇಡಂ ಸೆರಗು ಬಾಯಿಗೆ ಒತ್ತಿಕೊಂಡು ನಗಾಕತ್ತಿದ್ರು, ನಕ್ಕೋತ ಕಣ್ಣು ಒರಸಾಕತ್ತಿದ್ರು. “ನಂದೂ ತವರು ಆ ಕಡೀದ ನೋಡವ್ವಾ” ಅಂದ್ರು, ಮಾತು ಒಮ್ಮೆಲೆ ನಮ್ಮ ಮಾತಾತು. “ನಮ್ಮವ್ವ ಹೋದಮ್ಯಾಲ ನನಗ ಯಾರೂ ಉಡಿ ತುಂಬಿದ್ದಿಲ್ಲ. ಸಂಜಿತನಕ ಯಾಕ ಕಾಯ್ತಿ? ನಾಳಿಂದನ ಪಾಠಾ ಸುರು ಮಾಡು. ನಿನ್ನ ಕೆಲಸ ಗಟ್ಟಿ ಆತು.” ಅಂದು ಪರದಿ ಮುಂದ ಸೆರಗು ಒಡ್ಡಿದ್ರು.

ಒಡ್ಡಿದ ಸೆರಗು ನೋಡಿ ಅಡಿವೆಪ್ಪ ಸುಮ್ನಿರತಾನೇನು? ಪರಾತ ಪೂರಾ ಸುರವಿ, ಮ್ಯಾಲ ತೆಂಗಿನಕಾಯಿ ಇಟ್ಟ. ಕಾಯಿ ಭಾರಕ್ಕ ಯಾವ ಗುಂಡಿ ಒತ್ತಿತೋ ಏನೋ, ಮೇಡಂ ಮಾಯ.

ಫಕೀರವ್ವ ಮಗಳನ್ನ ತಬ್ಬಿಕೊಂಡು ಅತ್ಲು, ನಕ್ಕಳು, ಮತ್ತ ಅತ್ಲು. ಮಗಳು ಮನ್ಯಾಗ ಉಳದ್ಲು. ಇನ್ನೇನು ಬೇಕು ಆಕಿಗೆ? ಸಂತೋಷಕ್ಕ ಬುದ್ಧಿ ಹೇಳೂದ ಮರತ್ಲು. ಕಂಪ್ಯೂಟರ ಮ್ಯಾಲಿನ ಅಕ್ಕಿ ನೋಡಿ, ಕೈ ಮುಗದು ಇಷ್ಟ ಅಂದ್ಲು. “ಆ ತಾಯಿ ಉಡಿ ಅಕ್ಕಿ ಅದು, ಆಕಿಗೆ ಮುಟ್ಟಬೇಕು.”

ಕೊಟ್ಟು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಮುಟ್ಟಬೇಕು ಅಂದ್ಲು ಅಷ್ಟ. ತಾಯಿ ಮಗಳು ಕಣ್ಣು ಒರಸಿಕೊಂಡು ತಿರುಗಿ ನೋಡೂದ್ರಾಗ ಪಡಸಾಲ್ಯಾಗ ಅಡಿವೆಪ್ಪನೂ ಇಲ್ಲ, ಅಕ್ಕಿನೂ ಇಲ್ಲ, ಕಾಯಿನೂ ಇಲ್ಲ, ಕಂಪ್ಯೂಟರೂ ಇಲ್ಲ.

ಅಂವ ಬಸ್ ಸ್ಟ್ಯಾಂಡಿನ್ಯಾಗ ನಿಂತಿದ್ದ. ಹೆಗಲಿಗೆ ಅಕ್ಕಿ ಗಂಟು, ಕೈಯಾಗ ಕಾಯಿ, ಬಗಲಾಗ ಕಂಪ್ಯೂಟರ. ಬಸ್ಸು ಬಂತು. ಏರಿ ಕಿಡಕಿ ಬಾಜೂಕ ಕಂಪ್ಯೂಟರ ಕುಂದ್ರಿಸಿ, ತಾ ಅದರ ಪಕ್ಕದಾಗ ಮರ್ಯಾದಿಲೆ ಕುಂತ.

“ಎಲ್ಲಿಗಪಾ?” ಅಂದ ಕಂಡಕ್ಟರ.

“ನನಗ ಹಾದಿ ಗೊತ್ತಿಲ್ಲರಿ ಅಣ್ಣಾರ. ಯಕ್ಕಾರು ಇದರಾಗ ಅದಾರ, ಅವರ ಊರು ಬಂದಾಗ ಅವರ ಹೇಳ್ತಾರ. ಅಲ್ಲೀತನಕ ಎರಡು ಟಿಕೀಟು ಕೊಡ್ರಿ.”

ಅಂವ ಊರು ಮುಟ್ಟಿದನೋ ಇಲ್ಲೋ ನನಗ ಗೊತ್ತಿಲ್ಲರೆಪಾ. ನಾ ಆ ಬಸ್ಸಿನ್ಯಾಗ ಇರಲಿಲ್ಲ. ಇದ್ದೋರು ಇನ್ನೂ ನಗಾಕತ್ತಾರ, ಅವರನ್ನ ಕೇಳ್ರಿ.